ಗೀಟು

ಮೂರು ದಿನದ ಕೆಲಸ, ದಿನಕ್ಕೆ ಆರುನೂರು, ಚಹಾ ಬೇರೆ.
ಸಿರವಾರ ಕ್ರಾಸಿನ ಬೇವಿನ ಬುಡಕ್ಕೆ
ಪ್ಲಾಸ್ಟಿಕ್ ಕುರ್ಚಿ, ರಟ್ಟು, ಕ್ಲಿಪ್ಪು, ನೀಲಿ ಪೆನ್ನು.
ಹೋದದ್ದಕ್ಕೊಂದು ಗೀಟು, ಬಂದದ್ದಕ್ಕೊಂದು ಗೀಟು.
ನಾಲ್ಕು ನಿಲ್ಲುತ್ತವೆ,
ಐದನೆಯದು ಅವುಗಳ ಎದೆ ಮೇಲೆ ಅಡ್ಡ ಬೀಳುತ್ತದೆ.

ದೇಸಾಯಿ ಸಾಹೇಬರು ಹೇಳಿ ಹೋಗಿದ್ದಾರೆ:
ಇದು ಬರೀ ರೋಡಿನ ಮಾತಲ್ಲ, ಇಡೀ ಸೀಮೆಯ ಯೋಜನೆ.
ಎಲ್ಲಿ ಬಸ್ಸು, ಎಲ್ಲಿ ಫುಟ್‌ಪಾತು, ಎಲ್ಲಿ ದೀಪ, ಎಲ್ಲಿ ಹಂಪು,
ಇಪ್ಪತ್ತು ವರ್ಷದ್ದೆಲ್ಲ ಈ ಹಾಳೆಯಿಂದ ಶುರು.
ನೋಡಪಾ ತಾಯಪ್ಪ,
ಒಂದು ಗೀಟು ತಪ್ಪಿದರೆ ಒಂದು ಊರು ತಪ್ಪಿತು ಅಂತ ತಿಳಿ.

ಆ ಮಾತಿಗೆ ಹೆದರಿ ಮೂರು ತಾಸು ಕುರ್ಚಿ ಬಿಟ್ಟೇಳಲಿಲ್ಲ.
ಭತ್ತದ ಲಾರಿ, ಬೂದಿ ತುಂಬಿದ ಟ್ಯಾಂಕರು,
ಮದುವೆಗೆ ಹೊರಟ ಟ್ರ್ಯಾಕ್ಟರು, ಅದರೊಳಗೆ ಬ್ಯಾಂಡಿನವರು.
ಕುರಿ ಹಿಂಡೊಂದು ದಾಟಲು ಎಂಟು ನಿಮಿಷ ಹಿಡಿಯಿತು,
ಎಲ್ಲ ಗಾಡಿಯನ್ನೂ ನಿಲ್ಲಿಸಿದ್ದು ಅದೊಂದೇ;
'ಇತರೆ' ಅಂಕಣದಲ್ಲಿ ಒಂದು ಗೀಟು.
ಬಿಳಿ ಗೆರೆ ಹಿಡಿದು ಶಾಲೆಗೆ ನಡೆದ ಹುಡುಗಿಯರಿಗೆ
ಅಂಕಣವೇ ಇಲ್ಲ.
ನಡಿಗೆ ವಾಹನವಲ್ಲವಂತೆ.

ಏಳೂ ಹತ್ತಕ್ಕೆ ಒಂದು ಪಿಕಪ್ಪು ಹಂಪಿನ ಮೇಲೆ ನಿಧಾನಿಸಿತು.
ಸೀರೆಯ ಮೇಲೆ ಗಂಡಸರ ತುಂಬುತೋಳಿನ ಅಂಗಿ,
ಮಡಿಲಲ್ಲಿ ರೊಟ್ಟಿ ಗಂಟು,
ಹತ್ತಿ ಬಿಡಿಸಲು ಹೊರಟವರು, ನಿಂತೇ,
ಒಬ್ಬರ ಭುಜಕ್ಕೆ ಇನ್ನೊಬ್ಬರ ಕೈಯೇ ಸರಳು.
ಹಾಳೆ ನೋಡಿದೆ. ಸರಕು, ಸಣ್ಣದು. ಒಂದು ಗೀಟು.

"ಏನ್ ಬರಕೊಂತ ಕುಂತೀಯೋ ತಮ್ಮಾ?"
"ಗಾಡಿ ಎಣಸ್ತೀನಬೇ."
"ಮತ್ತ ನಮ್ಮನ್ನ?"
ಉತ್ತರ ಹಾಳೆಯಲ್ಲಿರಲಿಲ್ಲ.
"ನಾ ಬಸ್ಸಮ್ಮ. ನಮ್ಮೂರಿಗೆ ಇರೂದು ಇದೊಂದ ಬಸ್ಸು!"
ಪಿಕಪ್ಪಿಗೆ ಪಿಕಪ್ಪೇ ನಕ್ಕಿತು.
ಆಮೇಲೆ ಆಕೆ ಒಬ್ಬಳೇ ನಗು ನಿಲ್ಲಿಸಿ,
"ಹೋಗೂದಷ್ಟ ಎಣಸಬ್ಯಾಡ, ಬರೂದೂ ಎಣಸು.
ಎರಡೂ ಸಮ ಬರಬೇಕು.
ಹೋದ ಸುಗ್ಗ್ಯಾಗ ಬರಲಿಲ್ಲ."

ಹಂಪು ಇಳಿದು ಹೋದರು.
ಹಾಳೆಯ ಬಲತುದಿಗೆ ಷರಾ, ಅರ್ಧ ಇಂಚಿನ ಜಾಗ.
ಅದರೊಳಗೆ ಇಪ್ಪತ್ಮೂರು ಸಣ್ಣ ಗೀಟು ತುರುಕಿದೆ,
ಪಿಕಪ್ಪಿನ ಹಾಗೆಯೇ,
ಕೊನೆಯವೆರಡು ಅಂಚಿನಾಚೆ ಕಾಲು ಚಾಚಿದವು.

ಎರಡಕ್ಕೆ ಪಾಳಿ ಮುಗಿಯಿತು, ಮಹಿಬೂಬ ಬಂದು ಕೂತ.
ನಾನು ಮನೆಗೆ ಹೋಗಲಿಲ್ಲ.
ಯಾಕೋ ಮಾರಾಯ, ಡಬಲ್ ಪಗಾರ ಕೊಡ್ತಾರೇನು ಅಂದ.
ಮಿರ್ಚಿ ತಿಂದೆವು. ಸಂಜೆ ಬಸ್ಸು ಬಂತು, ಒಂದು,
ಬಾಗಿಲಿಗೆ ಜೋತವರ ಸಮೇತ ಅದೂ ಒಂದೇ ಗೀಟು.
ಕತ್ತಲಾಯಿತು. ಕಂಬ ಇದೆ, ಬಲ್ಬಿಲ್ಲ.

ಏಳೂ ನಲವತ್ತಕ್ಕೆ
ಎದುರು ಲಾರಿಯ ಬೆಳಕಿನಲ್ಲಿ ಒಂದು ಕ್ಷಣ ಎಲ್ಲರೂ ಕಂಡರು,
ತಲೆಗೂದಲಿಗೆಲ್ಲ ಹತ್ತಿಯ ಎಳೆ.
ಎಣಿಸಿದೆ. ಇಪ್ಪತ್ತೆರಡು.
ಮತ್ತೆ ಎಣಿಸುವಷ್ಟರಲ್ಲಿ ಬೆಳಕು ದಾಟಿತ್ತು.
ಕುರ್ಚಿ ಉರುಳಿತು, ಪೆನ್ನು ಎಲ್ಲಿ ಬಿತ್ತೋ,
ಕೆಂಪು ದೀಪದ ಹಿಂದೆ ಓಡಿದೆ,
"ಬಸ್ಸಮ್ಮಾ, ಒಬ್ಬರು ಕಮ್ಮಿ! ಒಬ್ಬರು ಕಮ್ಮಿ!"

ಗಾಡಿ ನಿಲ್ಲಲಿಲ್ಲ.
ಕತ್ತಲೊಳಗಿಂದ ಆಕೆಯ ದನಿ ಬಂತು:
"ಈರವ್ವ ಮಲ್ಲಟದಾಗ ಇಳದಾಳೋ, ಅಕ್ಕನ ಮನ್ಯಾಗ!
ಊಟಕ್ಕ ಹೋಗು ನೀನು!"

ಮೊಣಕಾಲಿಗೆ ಕೈಯೂರಿ ಉಸಿರು ಬರುವ ತನಕ ನಿಂತೆ.
ಮಹಿಬೂಬನ ಪೆನ್ನು ಇಸಕೊಂಡು,
ಮೊಬೈಲ್ ಬೆಳಕು ಬಿಟ್ಟು,
ಷರಾದಲ್ಲಿ ಇನ್ನು ಜಾಗವಿರದೆ ಹಾಳೆಯ ಬೆನ್ನಿಗೆ ಬರೆದೆ:
ಈರವ್ವ, ಮಲ್ಲಟ, ಅಕ್ಕನ ಮನೆ. ಸಮ ಇದೆ.

ಸಾಹೇಬರು ನಾಳೆ ಕೇಳುತ್ತಾರೆ,
ಇದನ್ನು ಕಂಪ್ಯೂಟರಿಗೆ ಹೇಗೆ ಹಾಕೋದೋ ಅಂತ.